ಕೊನೆಯವರು ಗೆರೆ ದಾಟುವವರೆಗೆ

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಸಂಜೆ ನಾವು ತ್ಯಾಮಗೊಂಡ್ಲುವಿನ ಪರಿಚಿತರೊಬ್ಬರ ಮನೆಯಲ್ಲಿದ್ದೆವು. ಆ ಮನೆಯವರು ಅಂದು ನಸುಕಿನಲ್ಲೇ ಹೊರಟು, ಗೆಳೆಯರೊಂದಿಗೆ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿ ಪಾಲ್ಗೊಂಡು ಬಂದಿದ್ದರು. ತಂದೆ ತಮ್ಮ ಪದಕವನ್ನೂ ಓಟ ಮುಗಿಸಿದ ಸಮಯವನ್ನೂ ಸಂತೋಷದಿಂದ ತೋರಿಸಿದರು. ಪಿಯುಸಿ ಓದುತ್ತಿದ್ದ ಮಗಳನ್ನು, "ನೀನೂ ಓಡಿದೆಯಾ, ಮಗು?" ಎಂದು ಕೇಳಿದೆವು. "ಓಡಿದೆ ಫಾದರ್. ಅಪ್ಪ ಮುಂದೆ ಹೋಗಿಬಿಟ್ಟರು," ಎಂದಳು.

ಆ ಮಾತಿನಲ್ಲಿ ದೂರಿರಲಿಲ್ಲ. ನಡೆದುದನ್ನು ನಡೆದಂತೆ ಹೇಳಿದ್ದಳು, ಅಷ್ಟೆ. ತಂದೆಯೂ ನಿರ್ದಯಿಯಲ್ಲ. ಕೊನೆಯ ಗೆರೆಯ ಬಳಿ ಅರ್ಧ ಗಂಟೆ ಅವಳಿಗಾಗಿ ಕಾದಿದ್ದರು. ಆದರೆ ಗೆರೆಯ ಬಳಿ ಕಾಯುವುದು ಬೇರೆ, ದಾರಿಯಲ್ಲಿ ಜೊತೆಗಿರುವುದು ಬೇರೆ ಎಂಬ ವಿಚಾರ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಇಂತಹ ಓಟಗಳನ್ನು ನಾವು ನಿಂದಿಸುವವರಲ್ಲ. 2008ರಲ್ಲಿ ಆರಂಭವಾದ ಬೆಂಗಳೂರಿನ ಓಟಕ್ಕೆ ಪ್ರತಿ ಸಲವೂ ಸಾವಿರಾರು ಜನ ಸೇರುತ್ತಾರೆ. ಹೆಸರಾಂತ ಓಟಗಾರರಿಗೆ ಒಂದು ಓಟ, ಸಾಮಾನ್ಯರಿಗೆ ಇನ್ನೊಂದು. ಹಿರಿಯ ನಾಗರಿಕರಿಗೂ ಅಂಗವಿಕಲರಿಗೂ ಪ್ರತ್ಯೇಕ ಓಟಗಳು. ಗೆಲುವಿನ ಹಂಗಿಲ್ಲದೆ ಓಡುವವರಿಗೆ 'ಮಜಾ ರನ್'. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಮಿತವಾದ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾರ್ಖಾನೆಯ ಪಾಳಿಯಲ್ಲೂ ಬಸ್ಸಿನ ಪ್ರಯಾಣದಲ್ಲೂ ದಿನ ಕಳೆಯುವ ನಮ್ಮ ಜನರಿಗೆ ಅದು ಅಲ್ಪ ಸಂಗತಿಯಲ್ಲ. ಆದರೆ ಓಟಗಾರನಿಗೆ ಕೊಡುವ ಸಣ್ಣ ಚಿಪ್, ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಪ್ರತಿಯೊಬ್ಬನ ಸಮಯವನ್ನೂ ಬೇರೆಬೇರೆಯಾಗಿಯೇ ಅಳೆಯುತ್ತದೆ. ಒಂದು ಮನೆಯ ಸಮಯವನ್ನು ಅದು ಅಳೆಯಲಾರದು.

ಹಾಗಾದರೆ ಗೆಲ್ಲುವ ಆಸೆ ತಪ್ಪೇ? ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಓಟದ ಪಂದ್ಯವನ್ನೇ ಉದಾಹರಿಸಿ, ಗೆಲ್ಲುವ ಮನಸ್ಸಿನಿಂದ ಓಡಬೇಕೆಂದು ಬೋಧಿಸಿದ್ದಾರೆ. ಕೊರಿಂಥದ ಸಮೀಪ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯದ ಕ್ರೀಡೋತ್ಸವ ನಡೆಯುತ್ತಿತ್ತು. ವಿಜೇತನಿಗೆ ದೊರೆಯುತ್ತಿದ್ದುದು ಬಾಡಿಹೋಗುವ ಎಲೆಗಳ ಕಿರೀಟ, ಅದೂ ಒಬ್ಬನಿಗೇ. ಪೌಲರು ಹೇಳುವ ಕಿರೀಟವಾದರೋ ಬಾಡುವುದಿಲ್ಲ, ಒಬ್ಬನಿಗೇ ಮೀಸಲೂ ಅಲ್ಲ. ಸಂತ ಅಗಸ್ಟೀನರು 'ದೇವನಗರ' ಗ್ರಂಥದ ಹದಿನೈದನೆಯ ಭಾಗದಲ್ಲಿ ಇದೇ ಭೇದವನ್ನು ವಿವರಿಸುತ್ತಾರೆ. ಅಧಿಕಾರವನ್ನು ಹಂಚಿಕೊಂಡರೆ ಪ್ರತಿಯೊಬ್ಬನ ಪಾಲು ಕುಗ್ಗುತ್ತದೆ. ಒಳಿತನ್ನು ಹಂಚಿಕೊಂಡರೆ ಯಾರ ಪಾಲೂ ಕುಗ್ಗುವುದಿಲ್ಲ.

ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಯಾವ ಓಟ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಅಕ್ಕನ ಅಂಕಗಳನ್ನು ತಮ್ಮನ ಮುಂದೆ ಎತ್ತಿ ಹೇಳುತ್ತೇವೆ. ನಿಧಾನವಾಗಿ ನಡೆಯುವ ಅಜ್ಜಿಯನ್ನು ಮನೆಯಲ್ಲೇ ಬಿಟ್ಟು ಹಬ್ಬದ ಬಲಿಪೂಜೆಗೆ ಹೊರಡುತ್ತೇವೆ. ಗುರುಗಳಾದ ನಾವೂ ಇದರಿಂದ ಹೊರತಲ್ಲ. ಬಲಿಪೀಠದ ಬಳಿ ನಿಂತು ಜನ ಬರಲೆಂದು ಕಾಯುವುದೇ ಹೆಚ್ಚು. ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ ದಾರಿ ನಡೆಯುವುದು ಕಡಿಮೆ.

1992ರ ಬಾರ್ಸಿಲೋನಾ ಒಲಿಂಪಿಕ್ಸ್ ಇಲ್ಲಿ ನೆನಪಾಗುತ್ತದೆ. 400 ಮೀಟರ್ ಓಟದ ಸೆಮಿಫೈನಲ್‌ನಲ್ಲಿ ಬ್ರಿಟನ್ನಿನ ಡೆರೆಕ್ ರೆಡ್ಮಂಡ್ ತೊಡೆಯ ಸ್ನಾಯು ಹರಿದು ಕುಸಿದನು. ಎದ್ದು ಕುಂಟುತ್ತಾ ಮುಂದುವರಿದಾಗ, ತಂದೆ ಜಿಮ್ ಪ್ರೇಕ್ಷಕರ ನಡುವಿನಿಂದ ಇಳಿದು, ತಡೆದವರನ್ನು ದಾಟಿ ಬಂದು ಮಗನಿಗೆ ಹೆಗಲು ಕೊಟ್ಟರು. ತಂದೆಮಕ್ಕಳು ಗೆರೆಯವರೆಗೂ ಜೊತೆಯಾಗಿ ನಡೆದರು. ನೆರವು ಪಡೆದ ಆ ಓಟಕ್ಕೆ ದಾಖಲೆಯಲ್ಲಿ ಸಮಯವಿಲ್ಲ. ಆದರೂ ಅಂದಿನ ಓಟಗಳಲ್ಲಿ ಜಗತ್ತು ಇಂದಿಗೂ ನೆನೆಯುವುದು ಅದನ್ನೇ.

"ಹೀಗೆ ಎಲ್ಲರೂ ನಿಧಾನಿಗಾಗಿ ನಿಂತರೆ ಚುರುಕಿನ ಮಗು ಬೆಳೆಯುವುದೆಂತು?" ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶಾಲೆಯ ಮೈದಾನದಲ್ಲಿ ಆ ಮಗು ತನ್ನ ಪೂರ್ಣ ವೇಗದಲ್ಲಿ ಓಡಲಿ, ಗೆಲ್ಲಲಿ, ನಾವೆಲ್ಲ ಚಪ್ಪಾಳೆ ತಟ್ಟೋಣ. ಆದರೆ ಮನೆಯವರೆಲ್ಲ ಕೂಡಿ ಹೊರಟ ದಿನದ ನಿಯಮ ಬೇರೆಯಿರಲಿ. ಕ್ರೀಡಾಲೋಕಕ್ಕೂ ಇದು ಹೊಸತಲ್ಲ. ಒಲಿಂಪಿಕ್ಸ್‌ನ ಸೈಕಲ್ ಸ್ಪರ್ಧೆಗಳಲ್ಲಿ ನಾಲ್ವರ ತಂಡದೊಳಗೆ ಮೂರನೆಯವನು ಗೆರೆ ದಾಟಿದ ಸಮಯವೇ ತಂಡದ ಸಮಯವೆನಿಸುವ ಪಂದ್ಯವೊಂದಿದೆ. ಅಲ್ಲಿ ಮೊದಲಿಗನೊಬ್ಬನ ವೇಗದಿಂದ ತಂಡ ಗೆಲ್ಲಲಾರದು.

ಆದುದರಿಂದ ನಮ್ಮದೊಂದು ಸಲಹೆ. ಬೆಂಗಳೂರಿಗೆ ಹೋಗಲಾಗದವರಿಗೆ ತ್ಯಾಮಗೊಂಡ್ಲುವಿನಲ್ಲೇ ಒಂದು ಓಟವಾಗಲಿ. ಜನವರಿ 26ರ ಮುಂಜಾನೆ ಸೂಕ್ತ. ರಾಗಿಯ ಕೊಯ್ಲು ಮುಗಿದಿರುತ್ತದೆ, ಬಿಸಿಲೇರಿರುವುದಿಲ್ಲ, ಭಾನುವಾರದ ಬಲಿಪೂಜೆಗೂ ಸಾಮಾನ್ಯವಾಗಿ ಅಡ್ಡಿಯಾಗದು. ಶಾಲೆಯ ಧ್ವಜಾರೋಹಣಕ್ಕೆ ಮೊದಲು ಮುಗಿಯುವಂತೆ ಎರಡು ಮೂರು ಕಿಲೋಮೀಟರ್ ಸಾಕು. ಶುಲ್ಕ ಬೇಡ, ಪದಕ ಬೇಡ; ಕುಡಿಯುವ ನೀರೂ ಒಂದಿಷ್ಟು ಬಾಳೆಹಣ್ಣೂ ಇದ್ದರಾಯಿತು. ಯಾವ ಧರ್ಮದ ನೆರೆಹೊರೆಯವರೂ ಬರಲಿ. ನಿಯಮ ಒಂದೇ: ಮನೆಯ ಕೊನೆಯವರು ಗೆರೆ ದಾಟಿದಾಗಲೇ ಆ ಮನೆಯ ಓಟ ಮುಗಿಯಿತು. ಅಜ್ಜಿ ನಡೆದರೆ ಮನೆಯೇ ನಡೆಯಲಿ. ಒಂಟಿಯಾಗಿ ಬಂದವರನ್ನು ಯಾವುದಾದರೊಂದು ಮನೆ ತನ್ನವರೆಂದು ಸೇರಿಸಿಕೊಳ್ಳಲಿ.

ಪ್ರಿಯ ತಂದೆತಾಯಿಗಳೇ, ನಿಮ್ಮ ಮಕ್ಕಳು ದೊಡ್ಡವರಾಗಿ ನಿಮಗಿಂತ ವೇಗವಾಗಿ ಓಡುವ ಕಾಲ ದೂರವಿಲ್ಲ. ಅಂದು ಅವರು ನಿಮ್ಮ ಜೊತೆ ನಡೆಯಬೇಕಾದರೆ, ಇಂದು ನೀವು ಅವರ ಜೊತೆ ಓಡಿರಬೇಕು.