ಹುಲ್ಲು ಮಾಡಿನ ಪುಟ್ಟ ಮನೆ



ಕಳೆದ ಬೇಸಿಗೆಯ ರಜೆಯಲ್ಲಿ ಕುಂದಾಪುರ ತಾಲ್ಲೂಕಿನ ಅಮಾಸೆಬೈಲಿಗೆ ಹೋಗಿ, ಆಪ್ತ ಕುಟುಂಬವೊಂದರ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆ. ಅಮಾಸೆಬೈಲು ಸಹ್ಯಾದ್ರಿಯ ಬುಡದಲ್ಲಿರುವ ಊರು. ಬೆಳಗ್ಗೆ ಎದ್ದು ಅಂಗಳಕ್ಕೆ ಬಂದರೆ ಅಡಿಕೆ ತೋಟದ ಆಚೆಗೆ ಘಟ್ಟದ ನೀಲಿ ಗೋಡೆ ಕಾಣುತ್ತದೆ. ಆ ಮನೆಯ ಚಾವಡಿಯಲ್ಲಿ ನಾನು ಕಂಡ ಒಂದು ದೃಶ್ಯವನ್ನು ಈ ತಿಂಗಳು ತಮ್ಮ ಮುಂದಿಡಬೇಕೆನಿಸಿದೆ.

ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು. ಅದರ ಮೇಲೆ ಹಸಿರು ಬಟ್ಟೆಯ ಹಾಸು. ಒಂದು ತುದಿಯಲ್ಲಿ ಥರ್ಮಾಕೋಲನ್ನು ಕೊರೆದು ಮಾಡಿದ ಘಟ್ಟ, ಅದನ್ನು ಸುತ್ತಿ ಸುತ್ತಿ ಏರುವ ದಾರಿ, ನಡುವೆ ಒಂದು ತೋಡು. ದಾರಿಯಲ್ಲಿ ಕಿರುಬೆರಳಿನ ಅರ್ಧದಷ್ಟೇ ಎತ್ತರದ ಸಿಪಾಯಿಗಳ ಸಾಲು. ಘಟ್ಟದ ಮೇಲೆ ಅವರನ್ನು ತಡೆಯಲು ನಿಂತ ಮತ್ತೊಂದು ಸಾಲು. ಕೆಳಗಿನ ಬಯಲಿನಲ್ಲಿ ಕೆಂಪು ಹೆಂಚು ಹೊದೆಸಿದ ಒಂದು ಮನೆ. ಅದೆಷ್ಟು ಅಂದವಾಗಿತ್ತೆಂದರೆ, ಬಾಗಿಲಿನ ಚಿಲಕ, ಕಿಟಕಿಯ ಸರಳು, ಜಗಲಿಯ ಕಂಬ ಇವೆಲ್ಲವನ್ನೂ ಕಣ್ಣರಳಿಸಿ ನೋಡಬೇಕಾಯಿತು. ಪದವಿ ತರಗತಿಯಲ್ಲಿ ಓದುತ್ತಿರುವ ಆ ಮನೆಯ ಮೊಮ್ಮಗ ಹದಿನೈದು ದಿನ ಕುಳಿತು ಅದನ್ನು ಕಟ್ಟಿದ್ದನಂತೆ.

ಇದು ಮಕ್ಕಳ ಗೊಂಬೆಯಾಟವಲ್ಲ. ಚದುರಂಗದಂತೆಯೇ ಇಬ್ಬರು ಎದುರುಬದುರಾಗಿ ಕುಳಿತು, ಅಳತೆಯ ಪಟ್ಟಿಯಿಂದ ದೂರವನ್ನು ಅಳೆದು, ದಾಳ ಉರುಳಿಸಿ ಆಡುವ ಯುದ್ಧದಾಟ. ಇದರ ಮೂಲ ಐರೋಪ್ಯ. 1812ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬಾತ ತನ್ನ ದೊರೆಗೆ ಇಂಥದೊಂದು ಮೇಜನ್ನು ಮಾಡಿ ತೋರಿಸಿದ. 1824ರಲ್ಲಿ ಅವನ ಮಗ ಅದನ್ನು ಸುಧಾರಿಸಿ ಸೈನ್ಯಾಧಿಕಾರಿಗಳ ತರಬೇತಿಗೆ ಒದಗಿಸಿದ. ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಈ ಆಟಕ್ಕೆ ಸರಳ ನಿಯಮಗಳನ್ನು ಬರೆದು, ಸಾಮಾನ್ಯ ಮನೆಗಳಿಗೂ ಅದನ್ನು ತಂದ. ಈಗ ಚರಿತ್ರೆಯ ಕದನವೊಂದನ್ನು ಆರಿಸಿಕೊಂಡು, ಆ ಕಾಲದ ಉಡುಪು, ಆಯುಧ, ಕಟ್ಟಡಗಳನ್ನು ಅಳತೆಗೆ ತಕ್ಕಂತೆ ಕಿರಿದಾಗಿಸಿ ಕಟ್ಟಿಕೊಂಡು ಆಡುವವರು ಅನೇಕ ದೇಶಗಳಲ್ಲಿದ್ದಾರೆ. ಅವರಲ್ಲಿ ಎಷ್ಟೋ ಮಂದಿಗೆ ಆಡುವುದಕ್ಕಿಂತ ಕಟ್ಟುವುದರಲ್ಲಿಯೇ ಹೆಚ್ಚಿನ ಆನಂದ.

ನಮ್ಮ ಹುಡುಗ ಆರಿಸಿಕೊಂಡಿದ್ದ ಕದನ ದೂರದೇಶದ್ದಲ್ಲ. ಅವನ ಮನೆಯ ಅಂಗಳದಿಂದ ಕಾಣುವ ಘಟ್ಟದ್ದೇ. ಅಮಾಸೆಬೈಲಿನ ನೆರೆಯ ಹೊಸಂಗಡಿಯಿಂದ ಘಟ್ಟವೇರಿದರೆ ಹುಲಿಕಲ್ಲಿನ ಮೇಲಾಗಿ ನಗರಕ್ಕೆ ಹೋಗುತ್ತೇವೆ. ಅದೇ ಹಿಂದಿನ ಬಿದನೂರು. ಶಿಸ್ತಿನ ಶಿವಪ್ಪನಾಯಕರೂ ರಾಣಿ ಚೆನ್ನಮ್ಮಾಜಿಯೂ ಆಳಿದ ಕೆಳದಿ ಅರಸರ ರಾಜಧಾನಿ. ಘಟ್ಟದ ಮೇಲಿನ ಮೆಣಸು, ಅಡಿಕೆ ಕೆಳಗಿನ ಬಂದರುಗಳಿಗೆ ಇಳಿದದ್ದು, ಕಡಲಿನ ಉಪ್ಪು ಮೇಲಕ್ಕೆ ಏರಿದ್ದು ಇಂಥ ಘಟ್ಟದ ದಾರಿಗಳಲ್ಲಿಯೇ. 1763ರಲ್ಲಿ ರಾಣಿ ವೀರಮ್ಮಾಜಿಯ ಕಾಲದಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು, ಅದಕ್ಕೆ ಹೈದರನಗರವೆಂದು ಹೆಸರಿಟ್ಟ. ಇಪ್ಪತ್ತು ವರ್ಷಗಳ ನಂತರ, 1783ರ ಜನವರಿಯಲ್ಲಿ, ಜನರಲ್ ಮ್ಯಾಥ್ಯೂಸ್ ಎಂಬಾತನು ಮುಂಬಯಿಯ ಇಂಗ್ಲಿಷ್ ಸೈನ್ಯವನ್ನು ಕಡಲ ಮೂಲಕ ತಂದು, ಕುಂದಾಪುರವನ್ನು ಹಿಡಿದು, ಹೊಸಂಗಡಿ ಘಟ್ಟವನ್ನು ಹತ್ತಿದ. ದಾರಿಯ ತಡೆಗೋಡೆಗಳನ್ನು ಒಂದೊಂದಾಗಿ ಭೇದಿಸಿದ ಮೇಲೆ, ಮೇಲಿನ ಕೋಟೆಯ ಅಧಿಕಾರಿ ಶೇಖ್ ಅಯಾಜ್ ಹೋರಾಡದೆಯೇ ನಗರವನ್ನು ಒಪ್ಪಿಸಿದ. ಆದರೆ ಆ ವರ್ಷದ ಬೇಸಿಗೆ ಮುಗಿಯುವ ಮೊದಲೇ ಟಿಪ್ಪು ಸುಲ್ತಾನನು ಬಂದು ಮುತ್ತಿಗೆ ಹಾಕಿ ಅದನ್ನು ಮರಳಿ ಪಡೆದ. ಮ್ಯಾಥ್ಯೂಸ್ ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ಅಳಿದ.

ಇಷ್ಟನ್ನೆಲ್ಲ ಹುಡುಗ ಉತ್ಸಾಹದಿಂದ ವಿವರಿಸುತ್ತಿರುವಾಗ, ಎಂಬತ್ತು ದಾಟಿದ ಅವನ ಅಜ್ಜಿ ಮೇಜಿನ ಬಳಿ ಬಂದು, ಆ ಪುಟ್ಟ ಮನೆಯನ್ನು ಬಗ್ಗಿ ನೋಡಿದರು. "ಚೆಂದವಾಗಿದೆ. ಆದರೆ ಇದು ಹಳೆಯ ಕಾಲದ ಮನೆಯಲ್ಲ ಮಗಾ. ನಾನು ಚಿಕ್ಕವಳಿದ್ದಾಗಲೂ ಈ ಕಡೆ ಹೆಚ್ಚಿನವು ಹುಲ್ಲಿನ ಮಾಡೇ. ನನ್ನ ಅಜ್ಜಿಯ ಕಾಲದಲ್ಲಿ ಈ ಹೆಂಚು ಎಲ್ಲಿತ್ತು?" ಎಂದರು.

ಹುಡುಗನ ಮುಖ ಬಾಡಿತು. ಅಜ್ಜಿಯ ಮಾತು ಸತ್ಯವಾಗಿತ್ತು. ಮಂಗಳೂರು ಹೆಂಚು ಎಂದು ನಾವು ಕರೆಯುವ, ಒಂದರ ತುಟಿಗೆ ಇನ್ನೊಂದು ಕಚ್ಚಿಕೊಳ್ಳುವ ಆ ಚಪ್ಪಟೆ ಹೆಂಚನ್ನು ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ತಯಾರಿಸತೊಡಗಿದ್ದು 1865ರಲ್ಲಿ. ಮ್ಯಾಥ್ಯೂಸನ ಸೈನ್ಯ ಈ ದಾರಿಯಲ್ಲಿ ಹೋಗುವಾಗ ಆ ಹೆಂಚು ಹುಟ್ಟಲು ಇನ್ನೂ ಎಂಬತ್ತೆರಡು ವರ್ಷಗಳಿದ್ದವು! ಅಂದಿನ ದೇವಸ್ಥಾನ, ಸಿರಿವಂತರ ಮನೆಗಳಿಗೆ ಕುಂಬಾರರ ಕೈಯಿಂದಾದ ನಾಡಹೆಂಚು ಇದ್ದಿರಬಹುದು. ಒಕ್ಕಲು ಮಕ್ಕಳ ಮನೆಗೆ ಮುಳಿಹುಲ್ಲು, ಬೈಹುಲ್ಲು, ತೆಂಗಿನ ಗರಿಗಳೇ ಗತಿ.

ಹದಿನೈದು ದಿನದ ಶ್ರಮವನ್ನು ಒಂದು ಮಾತಿಗೆ ಕಿತ್ತುಹಾಕಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಆಟದಲ್ಲಿ ಇಷ್ಟನ್ನು ಯಾರು ನೋಡುತ್ತಾರೆ ಎಂದು ಆತ ಗೊಣಗಿದ್ದೂ ಉಂಟು. ಆದರೆ ಮರುದಿನ ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ಆ ಕೆಂಪು ಮಾಡು ಮೇಜಿನ ಮೂಲೆಯಲ್ಲಿ ಬಿದ್ದಿತ್ತು. ಹುಡುಗ ಅಜ್ಜಿಯ ಮುಂದೆ ಕಾಗದ, ಸೀಸದಕಡ್ಡಿ ಹಿಡಿದು ಕುಳಿತಿದ್ದ. ಆ ಕೆಲಸದ ವಿವರವನ್ನು, ಮನೆಯಲ್ಲಿ ಮಕ್ಕಳಿರುವ ವಾಚಕರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಅಳತೆ. ನಿಜವಾದ ಒಂದು ಅಡಿಗೆ ಐದು ಮಿಲಿಮೀಟರ್ ಎಂದು ಲೆಕ್ಕವಿಟ್ಟರೆ ಮನೆಯು ಸುಮಾರು ಅರವತ್ತರಲ್ಲಿ ಒಂದು ಪಾಲಾಗಿ ಕುಗ್ಗುತ್ತದೆ. ಆ ಸಿಪಾಯಿಗಳ ಎತ್ತರಕ್ಕೂ ಹೊಂದುತ್ತದೆ. ನಲವತ್ತಡಿ ಉದ್ದ, ಮೂವತ್ತಡಿ ಅಗಲದ ಮನೆ ಇಪ್ಪತ್ತು ಸೆಂಟಿಮೀಟರ್ ಉದ್ದ, ಹದಿನೈದು ಸೆಂಟಿಮೀಟರ್ ಅಗಲವಾಗುತ್ತದೆ. ಎಂಟಡಿಯ ಗೋಡೆಗೆ ನಾಲ್ಕೇ ಸೆಂಟಿಮೀಟರ್. ಮಾಡು ಮಾತ್ರ ಗೋಡೆಗಿಂತ ಎತ್ತರ! ಘಟ್ಟದ ಬುಡದ ಮಳೆಯನ್ನು ಕಂಡವರಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ. ಹುಲ್ಲಿನ ಮಾಡಿಗೆ ಇಳಿಜಾರು ಕಡಿದಾಗಿರದಿದ್ದರೆ ನೀರು ಜಾರದೆ ಒಳಗಿಳಿಯುತ್ತದೆ. ಅಂಚು ಗೋಡೆಯಿಂದ ಮುಂದಕ್ಕೆ ಚಾಚಿರದಿದ್ದರೆ ಮಣ್ಣಿನ ಗೋಡೆ ಕರಗುತ್ತದೆ.

ಎರಡನೆಯದು ಸಾಮಗ್ರಿ. ಗೋಡೆಗೆ ಹಳೆಯ ಲಗ್ನಪತ್ರಿಕೆಗಳನ್ನು ಒಂದರ ಮೇಲೊಂದು ಅಂಟಿಸಿದ ದಪ್ಪ ರಟ್ಟು ಸಾಕು. ಅಂಗಳದ ಕೆಂಪುಮಣ್ಣನ್ನು ತೆಳುಬಟ್ಟೆಯಲ್ಲಿ ಸೋಸಿ, ಅಂಟಿನಲ್ಲಿ ಕಲಸಿ ಬಳಿದರೆ ಅದೇ ಮಣ್ಣಿನ ಗೋಡೆ. ರಟ್ಟಿನ ಒಂದೇ ಮಗ್ಗುಲಿಗೆ ಬಳಿದರೆ ಅದು ಒಣಗುವಾಗ ಬಿಲ್ಲಿನಂತೆ ಬಾಗುತ್ತದೆ. ಆದ್ದರಿಂದ ಒಳಮಗ್ಗುಲಿಗೂ ಬಳಿಯಬೇಕು. ಡಬ್ಬಿಯಿಂದ ಸಿಂಪಡಿಸುವ ಬಣ್ಣವನ್ನು ಥರ್ಮಾಕೋಲಿನ ಮೇಲೆ ಹಾಕಿದರೆ ಅದು ಕರಗಿ ಗುಂಡಿ ಬೀಳುತ್ತದೆ; ನೀರಿನ ಬಣ್ಣವೇ ಕ್ಷೇಮ. ಹುಲ್ಲಿಗೆ ತೆಂಗಿನ ನಾರು. ಅದನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಕತ್ತರಿಸಿ ಅಂಟಿಸುವಾಗ, ಕೆಳಗಿನ ಅಂಚಿನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು. ಹುಡುಗ ಮೇಲಿನಿಂದ ಕೆಳಕ್ಕೆ ಬರತೊಡಗಿದಾಗ ಅಜ್ಜಿ ನಕ್ಕು, "ಹಾಗೆ ಹೊದೆಸಿದರೆ ಮಳೆಯೆಲ್ಲ ನಿನ್ನ ಹಾಸಿಗೆಗೇ!" ಎಂದರು. ನಿಜವಾದ ಮಾಡಿನ ನಿಯಮವೇ ಪುಟ್ಟ ಮಾಡಿಗೂ ನಿಯಮವೆಂಬುದು ಆಗ ಎಲ್ಲರಿಗೂ ತಿಳಿಯಿತು.

ಮೂರನೆಯದು, ಮಾಡನ್ನು ಗೋಡೆಗೆ ಅಂಟಿಸಬಾರದು. ಪೆಟ್ಟಿಗೆಯ ಮುಚ್ಚಳದಂತೆ ಎತ್ತಲು ಬರಬೇಕು. ಏಕೆಂದರೆ ಆಟದಲ್ಲಿ ಸಿಪಾಯಿಗಳು ಮನೆಯೊಳಗೆ ಹೊಕ್ಕಾಗ, ಮಾಡನ್ನೆತ್ತಿ ಅವರನ್ನು ಒಳಗಿಡಬೇಕು. ಗೋಡೆಯ ಮರೆಯಲ್ಲಿರುವವರಿಗೆ ಗುಂಡಿನ ಏಟು ಕಡಿಮೆ ಎಂಬುದು ನಿಯಮ.

ವಾಚಕರೇ, ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ ಇಲ್ಲಿಂದ ಆರಂಭವಾಗುತ್ತದೆ. ಹುಲ್ಲಿನ ಮಾಡು ಸಿದ್ಧವಾದ ಸಂಜೆ ಹುಡುಗ ಅದನ್ನೆತ್ತಿ ಒಳಗೆ ಐದು ಸಿಪಾಯಿಗಳನ್ನು ನಿಲ್ಲಿಸಿ ತೋರಿಸಿದ. ಅಜ್ಜಿ ಇಣುಕಿ ನೋಡಿ, "ಒಲೆ ಎಲ್ಲಿ?" ಎಂದರು. ಒಲೆ ಇರಲಿಲ್ಲ. "ಭತ್ತದ ಕಣಜ? ತೊಟ್ಟಿಲು?" ಅದೂ ಇರಲಿಲ್ಲ. "ಸಿಪಾಯಿಗಳು ಒಳಗೆ ಬಂದರೆ, ಮನೆಯವರು ಎಲ್ಲಿಗೆ ಹೋದರು ಮಗಾ?" ಎಂದು ಕೊನೆಗೆ ಕೇಳಿದರು. ಹುಡುಗನಲ್ಲಿ ಉತ್ತರವಿರಲಿಲ್ಲ. ನನ್ನಲ್ಲಿಯೂ ಇರಲಿಲ್ಲ.

ಮ್ಯಾಥ್ಯೂಸನ ದಂಡಯಾತ್ರೆಯ ಬಗ್ಗೆ ನಾವು ಓದುವುದೆಲ್ಲ ಸೇನಾಪತಿಗಳ ಹೆಸರು, ಕೋಟೆಗಳ ಹೆಸರು. ಅದೇ ದಂಡು ಆನಂದಪುರದ ಕೋಟೆಯಲ್ಲಿ ನಡೆಸಿದ ಹತ್ಯೆಗಳ ಬಗ್ಗೆ ಆ ಕಾಲದಲ್ಲಿಯೇ ದೊಡ್ಡ ವಾಗ್ವಾದವಾಯಿತು. ಆದರೆ ಘಟ್ಟದ ಕೆಳಗಿನ ಬಯಲಿನಲ್ಲಿ, ಸೈನ್ಯ ಬರುವ ಸುದ್ದಿ ಕೇಳಿ ಒಲೆಯ ಮೇಲಿನ ಗಂಜಿಯನ್ನು ಹಾಗೆಯೇ ಬಿಟ್ಟು, ಹಸುಗೂಸನ್ನು ಸೊಂಟಕ್ಕೇರಿಸಿ ಕಾಡು ಸೇರಿದ ತಾಯಿ ಒಬ್ಬಳಾದರೂ ಇರಲಿಲ್ಲವೇ? ಇದ್ದಿರಲೇಬೇಕು. ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ.

ಈ ಆಟದ ಇನ್ನೊಂದು ಲೆಕ್ಕವನ್ನೂ ತಾವು ಗಮನಿಸಬೇಕು. ಮನೆಯ ಅಳತೆಯಲ್ಲಿಯೇ ಭೂಮಿಯನ್ನೂ ತೋರಿಸಹೊರಟರೆ ಸಾವಿರ ಅಡಿಯ ಬಯಲಿಗೆ ಐದು ಮೀಟರ್ ಉದ್ದದ ಮೇಜು ಬೇಕಾಗುತ್ತದೆ. ಆದ್ದರಿಂದ ಆಡುವವರು ಭೂಮಿಯನ್ನು ಮನೆಗಿಂತಲೂ ಹೆಚ್ಚು ಕುಗ್ಗಿಸುತ್ತಾರೆ. ಹೀಗಾಗಿ ಮೇಜಿನ ಮೇಲಿನ ಒಂದು ಮನೆ ಒಂದು ಮನೆಯಲ್ಲ. ಅದು ಒಂದು ಇಡೀ ಕೇರಿಯ ಗುರುತು. ಆಡುವವನು ಒಂದು ಮನೆಗೆ ಬೆಂಕಿಯಿಟ್ಟೆನೆಂದರೆ ಹತ್ತೊಲೆಗಳು ಆರಿದವೆಂದೇ ಅರ್ಥ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಯುದ್ಧಕ್ಕೆ ಒಪ್ಪುವಷ್ಟು ಇನ್ನಾವುದಕ್ಕೂ ಒಪ್ಪದು. ಹತ್ತಿರ ಹೋಗಿ ನೋಡಿದವನಿಗೆ ಮಾತ್ರ ಅದರ ಕಲ್ಲುಮುಳ್ಳು ಕಾಣುತ್ತದೆ.

ಹಾಗಾದರೆ ಇಂಥ ಆಟವೇ ಮನೆಗೆ ಬೇಡವೇ? ಅಜ್ಜಿಯ ಮೊದಲ ಅಭಿಪ್ರಾಯ ಅದೇ ಆಗಿತ್ತು. ಅನೇಕ ವಾಚಕರಿಗೂ ಹಾಗೆಯೇ ಅನಿಸಬಹುದು. ನಾನು ಹಾಗೆ ಭಾವಿಸುವುದಿಲ್ಲ. ಆಟದ ಪುಸ್ತಕ ಬರೆದ ವೆಲ್ಸನೇ ಅದರ ಕೊನೆಯಲ್ಲಿ, ಈ ಪುಟ್ಟ ಯುದ್ಧವನ್ನು ಆಡಿದವನಿಗೆ ನಿಜವಾದ ಮಹಾಯುದ್ಧ ಎಂತಹ ಅವಿವೇಕವೆಂಬುದು ಮನವರಿಕೆಯಾಗುತ್ತದೆ ಎಂಬ ಆಶಯವನ್ನು ಹೇಳಿದ್ದಾನೆ. ಮರುವರ್ಷವೇ, 1914ರಲ್ಲಿ, ಮೊದಲನೆಯ ಮಹಾಯುದ್ಧ ಆರಂಭವಾಯಿತು. ಆಟ ಮನುಷ್ಯನನ್ನು ತಾನಾಗಿಯೇ ತಿದ್ದುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಸಿಪಾಯಿಗಳನ್ನು ಮಾತ್ರ ಜೋಡಿಸುವ ಕೈಗೂ, ಸಿಪಾಯಿಗಳು ಹೊಕ್ಕುವ ಮನೆಯನ್ನು ಗೋಡೆ ಗೋಡೆಯಾಗಿ ಕಟ್ಟಿದ ಕೈಗೂ ವ್ಯತ್ಯಾಸವಿದೆ. ಕಟ್ಟಿದವನಿಗೆ ಕೆಡವುವುದು ಸುಲಭವಲ್ಲ.

ಹಳೆಯ ಮನೆಗಳನ್ನು ಉಳಿಸಿಕೊಳ್ಳಲು ನಮ್ಮವರು ಪಟ್ಟ ಶ್ರಮಕ್ಕೂ ಈ ಭಾಗದಲ್ಲಿಯೇ ನಿದರ್ಶನವಿದೆ. ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ದಿವಂಗತ ವಿಜಯನಾಥ ಶೆಣೈಯವರು, ಅಳಿಯಲಿದ್ದ ಮನೆಗಳನ್ನು ಬಿಚ್ಚಿ ತಂದು ಪುನಃ ಕಟ್ಟಿಸಿದರು. ಕುಂದಾಪುರ ಸೀಮೆಯ ಹರ್ಕೂರಿನ ಒಳಗಿನಮನೆ ಅಲ್ಲಿದೆ. ವೀರಶೈವ ಜಂಗಮ ಮಠದ ಕಟ್ಟಡವೂ ಇದೆ. ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ, ಕಂಬ-ತೊಲೆಗಳ ಜೋಡಣೆಯನ್ನು ಅವರು ಕಣ್ಣಾರೆ ಕಾಣಬಹುದು. ಆದರೆ ಬಡವರ ಹುಲ್ಲಿನ ಮನೆ ಮರದ ಮನೆಯಂತೆ ಬಿಚ್ಚಿ ತರಲು ಉಳಿಯುವುದಿಲ್ಲ. ಅದು ಉಳಿದಿರುವುದು ನಮ್ಮ ಅಜ್ಜಿಯರ ನೆನಪಿನಲ್ಲಿ ಮಾತ್ರ. ಆ ನೆನಪು ಆರುವ ಮೊದಲು ಅದನ್ನು ರಟ್ಟಿನಲ್ಲಿಯಾದರೂ, ನಾರಿನಲ್ಲಿಯಾದರೂ ಹಿಡಿದಿಡುವುದು ಸಣ್ಣ ಕೆಲಸವೇನಲ್ಲ.

ನಾನು ಹೊರಡುವ ದಿನ ಆ ಮೇಜನ್ನು ಮತ್ತೊಮ್ಮೆ ನೋಡಿದೆ. ಮಾಡನ್ನೆತ್ತಿದರೆ ಒಳಗೆ ಮೂರು ಮಣ್ಣಿನ ಉಂಡೆಗಳ ಒಲೆ, ಮೂಲೆಯಲ್ಲಿ ಕಣಜ, ದಾರದಲ್ಲಿ ತೂಗುವ ಬೆಂಕಿಕಡ್ಡಿಯ ತೊಟ್ಟಿಲು. ಮೇಜಿನ ಅಂಚಿನಲ್ಲಿ, ಕಾಡಿನ ಕಡೆಗೆ ಮುಖ ಮಾಡಿದ ಒಂದು ಎತ್ತಿನ ಗಾಡಿ ಮತ್ತು ಜೇಡಿಮಣ್ಣಿನಲ್ಲಿ ಮಾಡಿದ ನಾಲ್ಕು ಜನ. ಆಟದ ನಿಯಮಗಳ ಹಾಳೆಯಲ್ಲಿ ಹುಡುಗ ತನ್ನ ಕೈಯಿಂದ ಎರಡು ಸಾಲು ಸೇರಿಸಿದ್ದ: ಗಾಡಿ ಕಾಡು ಸೇರುವವರೆಗೆ ಯಾರೂ ಆ ಮನೆಯನ್ನು ಹೊಗುವಂತಿಲ್ಲ, ಮನೆಗೆ ಬೆಂಕಿಯಿಟ್ಟವನು ಘಟ್ಟ ಹತ್ತಿದರೂ ಸೋತಂತೆ.

ನಿಜವಾದ ಯುದ್ಧದಲ್ಲಿ ಅಂಥ ನಿಯಮವಿರಲಿಲ್ಲ ಎಂದು ನಾನು ಹೇಳಹೊರಟೆ. ಅಜ್ಜಿ ಕಣ್ಣಿನಲ್ಲಿಯೇ ನನ್ನನ್ನು ತಡೆದರು. ಅವರು ತೊಟ್ಟಿಲಿನ ದಾರವನ್ನು ಬೆರಳ ತುದಿಯಿಂದ ಮೆಲ್ಲಗೆ ತೂಗುತ್ತಿದ್ದರು.