ಕ್ಯಾಂಪಿಗೂ ಒಂದು ಮೇಜು ಹಾಕೋಣ

ನವೆಂಬರ್ ಬಂತೆಂದರೆ ದುಬೈ, ಶಾರ್ಜಾ, ಅಬುಧಾಬಿಯ ಕನ್ನಡಿಗರಿಗೆ ಹಬ್ಬ. ಆ ಸಂಭ್ರಮಕ್ಕೆ ಬರಲು ಆಗದ ಕನ್ನಡಿಗರೂ ಇಲ್ಲಿದ್ದಾರೆ. ಈ ಸಲ ಅವರ ಬಗ್ಗೆ ಎರಡು ಮಾತು.

ರಾಯಚೂರು ಕಡೆಯ ಗೌಂಡಿ ಕೆಲಸದ ಹುಡುಗನೊಬ್ಬ ಕಳೆದ ವರ್ಷ ಸಾರುವೆಯಿಂದ ಬಿದ್ದು ತೀರಿಕೊಂಡ. ಅವನ ಕೋಣೆಯಲ್ಲಿ ಕಾಗದಪತ್ರ ಹುಡುಕಿದಾಗ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿ ಸಿಕ್ಕಿತು. ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಕಂಪನಿಯ ಪರಿಹಾರದ ಮಾತು ಬೇರೆ. ಊರಿನಲ್ಲಿರುವ ಹೆಂಡತಿಗೆ ಈ ವಿಮೆಯಿಂದ ಬರಬೇಕಿದ್ದ 10 ಲಕ್ಷ ರೂಪಾಯಿ ಕೈತಪ್ಪಿತು. ಅದನ್ನು ಉಳಿಸಿಕೊಳ್ಳಲು ಬೇಕಿದ್ದದ್ದು ಎರಡು ವರ್ಷಕ್ಕೆ 275 ರೂಪಾಯಿ, ಮೇಲೆ ತೆರಿಗೆ. ಕೆಫೆಟೇರಿಯಾದ ಒಂದು ಬಿರಿಯಾನಿಯ ದುಡ್ಡು!

ತಪ್ಪು ಅವನದಲ್ಲ. ಇಸಿಆರ್ ಪಾಸ್‌ಪೋರ್ಟಿನಲ್ಲಿ ಕೆಲಸಕ್ಕೆ ಬರುವವರಿಗೆ, ಅಂದರೆ ಹೆಚ್ಚಾಗಿ ಹತ್ತನೇ ತರಗತಿ ಪಾಸಾಗದವರಿಗೆ, ಈ ವಿಮೆ ಕಡ್ಡಾಯ. ಏಜೆಂಟ್ ಮಾಡಿಸಿ ಕಾಗದ ಕೈಗಿಡುತ್ತಾನೆ. ಆಮೇಲೆ ವೀಸಾವನ್ನು ಕಂಪನಿ ನವೀಕರಿಸುತ್ತದೆ, ವಿಮೆಯನ್ನು ಯಾರೂ ನವೀಕರಿಸುವುದಿಲ್ಲ. ಅದನ್ನು ನಾವೇ ಮಾಡಿಸಬೇಕು, ಆನ್‌ಲೈನಿನಲ್ಲೇ ಆಗುತ್ತದೆ ಎಂದು ಅವನಿಗೆ ಕನ್ನಡದಲ್ಲಿ ಹೇಳಿದವರಿರಲಿಲ್ಲ.

ಸೌಲಭ್ಯಗಳು ಇಲ್ಲವೆಂದಲ್ಲ. ದುಬೈಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವಿದೆ. 800 46342ಕ್ಕೆ ಉಚಿತವಾಗಿ ಕರೆ ಮಾಡಬಹುದು. ದೂರು ಕೊಡಲು ಮದದ್ ಪೋರ್ಟಲ್ ಇದೆ. ಸಂಕಷ್ಟದಲ್ಲಿರುವವರಿಗಾಗಿ ದೂತಾವಾಸದ ಬಳಿ 2009ರಿಂದ ಸಮುದಾಯ ಕಲ್ಯಾಣ ನಿಧಿಯಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮವಿದೆ. ಇವೆಲ್ಲ ಹನ್ನೆರಡು ಗಂಟೆ ದುಡಿದು ಕ್ಯಾಂಪಿಗೆ ಬಂದು ಮಲಗುವವನಿಗೆ ತಲುಪುವುದು ಹೇಗೆ? ಕೇರಳ 1996ರಲ್ಲೇ ನೋರ್ಕಾ ಇಲಾಖೆ ತೆರೆಯಿತು. ನಮ್ಮ ಸರ್ಕಾರವೂ ಅಷ್ಟು ಮುತುವರ್ಜಿ ತೋರಲಿ ಎಂದು ಕೇಳೋಣ. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ಬೇಡ.

ನನ್ನ ಸಲಹೆ ಸಣ್ಣದು. ತಿಂಗಳಿಗೊಂದು ರಜೆಯ ದಿನ, ಕ್ಯಾಂಪ್ ಬಾಸ್‌ನ ಒಪ್ಪಿಗೆ ಪಡೆದು, ಸಂಘದ ಇಬ್ಬರು ಒಂದು ಮೇಜು, ಒಂದು ಲ್ಯಾಪ್‌ಟಾಪ್ ಇಟ್ಟು ಕೂರಲಿ. ವಿಮೆಯ ದಿನಾಂಕ ನೋಡಲಿ, ಫಾರಂ ತುಂಬಿಕೊಡಲಿ, ಸಂಬಳದ ದೂರಿದ್ದರೆ ಎಲ್ಲಿಗೆ ಹೋಗಬೇಕೆಂದು ಹೇಳಲಿ. "ಇದು ದೂತಾವಾಸದ ಕೆಲಸ" ಎನ್ನುವವರಿದ್ದಾರೆ. ಅನುಮತಿಯಿಲ್ಲದೆ ಇಲ್ಲಿ ದೇಣಿಗೆ ಎತ್ತುವಂತಿಲ್ಲ ಎಂಬುದೂ ನಿಜ. ಆದರೆ ಫಾರಂ ಓದಿ ಹೇಳುವುದಕ್ಕೆ ದೇಣಿಗೆ ಬೇಕಿಲ್ಲ, ಕನ್ನಡ ಬಂದರೆ ಸಾಕು.

ಕ್ಯಾಂಪಿನಲ್ಲಿ ಇದನ್ನು ಓದುತ್ತಿರುವ ಅಣ್ಣತಮ್ಮಂದಿರೇ, ಇವತ್ತು ರಾತ್ರಿಯೇ ನಿಮ್ಮ ಪಾಲಿಸಿ ತೆಗೆದು ದಿನಾಂಕ ನೋಡಿ. ನಾಮಿನಿ ಹೆಸರು ಸರಿಯಿದೆಯೇ ನೋಡಿ. ಅದರ ಫೋಟೋ ತೆಗೆದು ಮನೆಗೆ ವಾಟ್ಸಾಪ್ ಮಾಡಿ. ಪಕ್ಕದ ಮಂಚದವನಿಗೂ ಹೇಳಿ.