‘ದೇಸಿ ಸೈಕಲ್’ ನಿಜವಾಗಿ ಎಷ್ಟು ದೇಸಿ?

ಎರಡು ಫಾರ್ವರ್ಡ್‌ಗಳು ನಿಮ್ಮ ಗ್ರೂಪಿಗೂ ಬಂದಿರಬಹುದು. ಒಂದರಲ್ಲಿ ತಿರುಚಿರಾಪಳ್ಳಿಯ ಪಂಚವರ್ಣಸ್ವಾಮಿ ದೇವಸ್ಥಾನದ ಕೆತ್ತನೆ: ಸೈಕಲ್ ತುಳಿಯುತ್ತಿರುವ ಮನುಷ್ಯ. ‘ಎರಡು ಸಾವಿರ ವರ್ಷದ ಹಿಂದೆಯೇ ನಮ್ಮಲ್ಲಿ ಸೈಕಲ್ ಇತ್ತು’ ಎಂಬ ಬರಹ ಬೇರೆ. ಇನ್ನೊಂದು, ‘ಗೇರ್ ಸೈಕಲ್ ಬಿಡಿ, ನಮ್ಮ ಸಾಂಪ್ರದಾಯಿಕ ಕರಿ ಸೈಕಲ್ ಕೊಳ್ಳಿ, ಮಂಡಿನೋವು ಬರುವುದಿಲ್ಲ’ ಅನ್ನುವುದು.

ಮೊದಲನೆಯದರಲ್ಲಿ ಕೆತ್ತನೆ ಇರುವುದು ನಿಜ, ಲೆಕ್ಕ ತಪ್ಪು. ದೇವಸ್ಥಾನ ಹಳೆಯದಾದ ಮಾತ್ರಕ್ಕೆ ಅದರ ಪ್ರತಿ ಕಲ್ಲೂ ಹಳೆಯದಲ್ಲ. 1920ರ ದಶಕದ ಜೀರ್ಣೋದ್ಧಾರದ ಹೊತ್ತಿಗೆ ಊರಿಗೆ ಸೈಕಲ್ ಬಂದಿತ್ತು, ಶಿಲ್ಪಿ ಕಂಡದ್ದನ್ನು ಕೆತ್ತಿದ ಎಂಬುದು ಇತಿಹಾಸಕಾರರ ವಿವರಣೆ.

ಹಾಗಾದರೆ ಕರಿ ಸೈಕಲ್ ಎಲ್ಲಿಯದು? ಇಂಗ್ಲೆಂಡಿನದು. ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಗಾಲಿಗೆ ಚೈನ್ ಇರುವ ಮಾದರಿಯನ್ನು ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಂದರು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರ್ ಕೊಟ್ಟರು. ಅದರಿಂದ ಬೆಳೆದ ‘ರೋಡ್‌ಸ್ಟರ್’ ಮಾದರಿ ಬ್ರಿಟಿಷರ ಜೊತೆ ಇಲ್ಲಿಗೆ ಬಂತು. ಸ್ವಾತಂತ್ರ್ಯದ ನಂತರ ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಹೆಸರಿನಲ್ಲಿ ಇಲ್ಲೇ ತಯಾರಾಯಿತು. ಚೀನಾದ ‘ಫ್ಲೈಯಿಂಗ್ ಪಿಜನ್’, ಪೂರ್ವ ಆಫ್ರಿಕಾದ ‘ಬ್ಲ್ಯಾಕ್ ಮಾಂಬಾ’ ಸಹ ಇದೇ ವಂಶ. ಅಲ್ಲಿಯವರಿಗೂ ಅದು ‘ನಮ್ಮ ಹಳೇ ಸೈಕಲ್ಲೇ’.

ಹೊರಗಿನದಾದರೂ ನಮ್ಮ ನೆಲಕ್ಕೆ ಒಗ್ಗಿತು, ಅದಕ್ಕೆ ಕಾರಣಗಳಿವೆ. ಶಕ್ತಿನಗರದ ಸುತ್ತ ನೋಡಿ. ಕೃಷ್ಣೆ, ತುಂಗಭದ್ರೆಯ ನಡುವಿನ ಈ ದೋಆಬ್ ಬಹುಪಾಲು ಬಯಲು. 1985ರಲ್ಲಿ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದಾಗ ಬೈಕ್ ಎಲ್ಲರ ಕೈಗೆ ಎಟುಕುವ ವಸ್ತುವಾಗಿರಲಿಲ್ಲ. ಏರಿಲ್ಲದ ದಾರಿಗೆ ಒಂದೇ ಗೇರ್ ಸಾಕು. ಮುಂದೆ 44 ಹಲ್ಲು, ಹಿಂದೆ 18 ಹಲ್ಲಿನ ಚಕ್ರವಿದ್ದರೆ ಪೆಡಲಿನ ಒಂದು ಸುತ್ತಿಗೆ 28 ಇಂಚಿನ ಗಾಲಿ ಸುಮಾರು ಐದೂವರೆ ಮೀಟರ್ ಉರುಳುತ್ತದೆ.

ಹೊರೆಯ ವಿಷಯ ಇನ್ನೂ ಮುಖ್ಯ. ಕರಿ ಸೈಕಲ್‌ನ ಹಿಂದಿನ ಗಾಲಿ ಸೀಟಿನಿಂದ ದೂರ ಇರುತ್ತದೆ, ಹಾಗಾಗಿ ಕ್ಯಾರಿಯರ್ ಮೇಲಿನ ಹಾಲಿನ ಕ್ಯಾನ್ ಭಾರ ಅಚ್ಚಿನ ಹಿಂದೆ ಜೋಲುವುದಿಲ್ಲ. ಹಳೆಯ ಇಂಗ್ಲಿಷ್ ಲೆಕ್ಕದಂತೆ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಉದ್ದ ಕಡಿಮೆಯಿರುವ ‘ಮೌಂಟೇನ್’ ಮಾದರಿಗೆ ಅದೇ ಕ್ಯಾನ್ ಕಟ್ಟಿದರೆ ಹ್ಯಾಂಡಲ್ ಹಗುರಾಗಿ ಅಲ್ಲಾಡುತ್ತದೆ. ಅದರ ಅಗ್ಗದ ಸ್ಪ್ರಿಂಗ್ ಅಂತೂ ತುಳಿಯುವ ಶಕ್ತಿಯಲ್ಲಿ ಒಂದಿಷ್ಟನ್ನು ತಾನೇ ತಿನ್ನುತ್ತದೆ.

ಆದರೆ ಎರೆಭೂಮಿಯಲ್ಲಿ ಮಳೆ ಬಿದ್ದ ದಿನ ಯಾವ ಸೈಕಲ್ಲೂ ಶೂರನಲ್ಲ. ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿಕೊಂಡು ಗಾಲಿ ನಿಂತೇ ಹೋಗುತ್ತದೆ. ಆಗ ಸುಮಾರು 20 ಕಿಲೋ ಕಬ್ಬಿಣವನ್ನು ಹೊರುವವರು ನೀವೇ.

ಮೇಲಿನ ಅಡ್ಡ ಬಾರ್ ‘ಗಂಡಸರ ಗುರುತು’ ಎಂಬ ಮಾತೂ ಇದೆ. ಅದು ಚೌಕಟ್ಟನ್ನು ಬಿಗಿ ಮಾಡುವ ತ್ರಿಕೋನದ ಒಂದು ಬಾಹು, ಅಷ್ಟೆ. ಉದ್ದ ಲಂಗಕ್ಕೆ ಅಡ್ಡಿಯಾಗದಿರಲಿ ಎಂದು ಹೆಂಗಸರ ಸೈಕಲ್‌ನಲ್ಲಿ ಅದನ್ನು ಕೆಳಗಿಳಿಸಿದರು. ಹತ್ತಿ ಇಳಿಯಲು ವಯಸ್ಸಾದ ಗಂಡಸರಿಗೂ ಅದೇ ಸುಲಭ. ಸೀಟಿಗೆ ಕಾಲು ಎಟುಕದೆ ಬಾರ್ ಕೆಳಗೆ ಕಾಲು ತೂರಿಸಿ ಸೈಕಲ್ ಕಲಿತ ನಮ್ಮಂಥವರಿಗೆ ಇದು ತಡವಾಗಿ ಹೊಳೆಯಿತು.

ಇನ್ನು ಮಂಡಿನೋವು. ಇದರಲ್ಲಿ ಸೈಕಲ್ ಹಳೆಯದೋ ಹೊಸದೋ ಎನ್ನುವುದಕ್ಕಿಂತ ಸೀಟಿನ ಎತ್ತರ ಮುಖ್ಯ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ತುಸು ಮಾತ್ರ ಮಡಚಿರಬೇಕು. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಲಿ ಎಂದು ಸೀಟು ಇಳಿಸಿದರೆ ಯಾವ ಸೈಕಲ್ ಆದರೂ ಮಂಡಿಗೆ ಪೆಟ್ಟು.

ಕರಿ ಸೈಕಲ್ ಹೊಗಳುವ ಫಾರ್ವರ್ಡ್‌ಗಳು ಬ್ರೇಕಿನ ಮಾತನ್ನೇ ಎತ್ತುವುದಿಲ್ಲ. ಕಡ್ಡಿ ಬ್ರೇಕಿನ ರಬ್ಬರ್ ಉಕ್ಕಿನ ರಿಮ್ ಮೇಲೆ ಉಜ್ಜಿ ಗಾಲಿ ನಿಲ್ಲಿಸುತ್ತದೆ. ರಿಮ್ ನೆನೆದರೆ ಹಿಡಿತ ಬಹಳ ಕುಸಿಯುತ್ತದೆ, ಅಲ್ಯೂಮಿನಿಯಂ ರಿಮ್‌ನಲ್ಲಿ ಅಷ್ಟಿಲ್ಲ. ಮಳೆಯಲ್ಲಿ ಹೊರೆ ಹೇರಿಕೊಂಡು ಹೋಗುವವರು ತಿರುವಿಗೆ ತುಂಬಾ ಮೊದಲೇ ಬ್ರೇಕನ್ನು ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಬೇಕು. ಸವೆದ ರಬ್ಬರನ್ನು ಮಳೆಗಾಲಕ್ಕೆ ಮುಂಚೆಯೇ ಬದಲಿಸಿಕೊಳ್ಳಿ.